ನಮ್ಮ ಕೌಂಟಿಗೆ ಬಂದಿರುವ ಒಪಿಯಾಯ್ಡ್ ಪರಿಹಾರದ ದುಡ್ಡು: 3 ನಿಮಿಷದಲ್ಲಿ ಏನು ಹೇಳಲಿ?

ಮಾತ್ರೆ ಎಣಿಸುವವಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಾನು ನಾರ್ತ್ ಕ್ಯಾರೊಲೈನಾದ ಒಂದು ಸಣ್ಣ ಊರಿನಲ್ಲಿ ಫಾರ್ಮಸಿಸ್ಟ್. 16 ವರ್ಷ ಆಯ್ತು. ಟ್ರೇ ಮೇಲೆ ಮಾತ್ರೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸಿ ಎಣಿಸುವುದು ನನ್ನ ಕೆಲಸ. ಶುರುವಿನ ವರ್ಷಗಳಲ್ಲಿ ಒಪಿಯಾಯ್ಡ್, ಅಂದರೆ ಚಟ ಹಚ್ಚುವ ಅಫೀಮಿನ ಥರದ ನೋವಿನ ಮಾತ್ರೆ, ಎಣಿಸಿ ಎಣಿಸಿ ಸಾಕಾಗುತ್ತಿತ್ತು. ಹಲ್ಲು ಕೀಳಿಸಿಕೊಂಡ ಹುಡುಗನಿಗೆ 30. ಬೆನ್ನು ನೋವಿನ ಟ್ರಕ್ ಡ್ರೈವರ್‌ಗೆ ತಿಂಗಳಿಗೆ 120. ಚೀಟಿ ಸರಿಯಾಗಿತ್ತು, ಡಾಕ್ಟರ್ ಸಹಿ ಇತ್ತು, ಕೊಟ್ಟೆ. ಒಂದು ದಿನ ಆ ಡ್ರೈವರ್ ಬದಲು ಅವರ ಹೆಂಡತಿ ಬಂದರು. ಅರ್ಧ ತುಂಬಿದ ಕಿತ್ತಳೆ ಬಣ್ಣದ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟು, "ಇದು ಇನ್ನು ಬೇಡ" ಅಂದು ತಿರುಗಿ ಹೋದರು. ಡಬ್ಬಿಯ ಮೇಲಿನ ಚೀಟಿಯಲ್ಲಿ ನನ್ನ ಇನಿಷಿಯಲ್ ಇತ್ತು. ಅದು ಇವತ್ತಿಗೂ ಕಣ್ಣ ಮುಂದೆ ಇದೆ.

ಈಗ ವಿಷಯಕ್ಕೆ ಬರ್ತೀನಿ. ಆ ಮಾತ್ರೆಗಳನ್ನು ಮಾಡಿದ, ಹಂಚಿದ, ಮಾರಿದ ಕಂಪನಿಗಳು ಕೋರ್ಟು ಕಟ್ಟೆ ಹತ್ತಿ, ಕೊನೆಗೆ ದುಡ್ಡು ಕೊಡಲು ಒಪ್ಪಿವೆ. ಇಡೀ ಅಮೆರಿಕಕ್ಕೆ ಸೇರಿ 5,000 ಕೋಟಿ ಡಾಲರ್‌ಗಿಂತ ಜಾಸ್ತಿ. ನಮ್ಮ ರಾಜ್ಯದಲ್ಲಿ ಆ ದುಡ್ಡಿನ 85% ನೇರವಾಗಿ ಕೌಂಟಿ (ಜಿಲ್ಲೆಯ ಥರದ ಆಡಳಿತ) ಮತ್ತು ಊರುಗಳಿಗೆ ಬರುತ್ತೆ, 15% ಮಾತ್ರ ರಾಜ್ಯ ಸರ್ಕಾರಕ್ಕೆ. ಅಂದರೆ ಅದನ್ನು ಎಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನ ಮಾಡುವವರು ವಾಷಿಂಗ್ಟನ್‌ನಲ್ಲಿ ಇಲ್ಲ. ನನ್ನ ಅಂಗಡಿಗೆ ಬಿಪಿ ಮಾತ್ರೆ ತಗೊಳ್ಳೋಕೆ ಬರುವ ಐದಾರು ಜನ ಕಮಿಷನರ್‌ಗಳು, ಕೌಂಟಿಯ ಜನ ಆರಿಸಿದ ಸದಸ್ಯರು.

ಈ ತಿಂಗಳ ಸಭೆಯ ಅಜೆಂಡಾ ನೋಡಿದೆ. ಒಪಿಯಾಯ್ಡ್ ನಿಧಿಯಿಂದ ಷರೀಫ್ (ಕೌಂಟಿ ಪೊಲೀಸ್ ಮುಖ್ಯಸ್ಥ) ಇಲಾಖೆಗೆ 2 ಗಾಡಿ, ಜೈಲಿಗೆ ಒಂದು ಬಾಡಿ ಸ್ಕ್ಯಾನರ್ ಅಂತ ಇದೆ. ಹೊಟ್ಟೆ ಉರೀತು. ಮಾತಾಡಲು ಹೆಸರು ಬರೆಸಿದ್ದೇನೆ. 3 ನಿಮಿಷ ಕೊಡುತ್ತಾರೆ. ಇಲ್ಲಿ ನರ್ಸ್‌ಗಳು, ಡಾಕ್ಟರ್‌ಗಳು, ಸರ್ಕಾರಿ ಕೆಲಸದವರು ಇದ್ದೀರಿ. ಆ 3 ನಿಮಿಷದಲ್ಲಿ ಏನು ಕೇಳಬೇಕು, ಹೇಳಿ.

ದಾವಣಗೆರೆ ಹುಡುಗ · ಮಂಗಳವಾರ

ಅಕ್ಕ, ನಾನು ಊರಲ್ಲೇ ಇರೋನು, ಅಲ್ಲಿನ ವ್ಯವಸ್ಥೆ ಅಷ್ಟಾಗಿ ಗೊತ್ತಿಲ್ಲ. ಒಂದು ಪ್ರಶ್ನೆ. ಸತ್ತವರ ಮನೆಯವರಿಗೆ ಯಾಕೆ ಕೊಡಲ್ಲ? ಕಳಕೊಂಡವರು ಅವರು ತಾನೆ?

ಮಾತ್ರೆ ಎಣಿಸುವವಳು · ಮಂಗಳವಾರ

ಸರಿಯಾದ ಪ್ರಶ್ನೆ. ನನಗೂ ಮೊದಲು ಅದೇ ಅನಿಸಿತ್ತು.

ಕೇಸು ಹಾಕಿದ್ದು ರಾಜ್ಯಗಳು, ಕೌಂಟಿಗಳು, ಊರುಗಳು. ಸಾವಿರಾರು ಕೇಸು. ನಮ್ಮ ಆಂಬುಲೆನ್ಸ್, ನಮ್ಮ ಜೈಲು, ನಮ್ಮ ಶವಾಗಾರ, ಅನಾಥರಾದ ಮಕ್ಕಳನ್ನು ನೋಡಿಕೊಳ್ಳುವ ಇಲಾಖೆ, ಎಲ್ಲದರ ಮೇಲೂ ಹೊರೆ ಬಿತ್ತು ಅನ್ನೋದು ಅವರ ವಾದ. ಹಾಗಾಗಿ ದುಡ್ಡು ಸರ್ಕಾರಗಳಿಗೆ ಹೋಗುತ್ತೆ. ಆಕ್ಸಿಕಾಂಟಿನ್ ಅನ್ನುವ ಒಪಿಯಾಯ್ಡ್ ಮಾತ್ರೆ ಮಾಡಿದ ಪರ್ಡ್ಯೂ ಕಂಪನಿಯ ಥರದ ಕೆಲವು ಕೇಸುಗಳಲ್ಲಿ ಮಾತ್ರ ಒಂದು ಪಾಲು ತೊಂದರೆಗೊಳಗಾದ ವ್ಯಕ್ತಿಗಳಿಗೂ ಇದೆ. ಪರ್ಡ್ಯೂ ಕೇಸು ಎಳೆದಾಡಿದ್ದು ಎಷ್ಟು ಗೊತ್ತಾ? 2019ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಾಲೀಕರಾದ ಸ್ಯಾಕ್ಲರ್ ಕುಟುಂಬದ ಮೇಲೆ ಮುಂದೆ ಯಾರೂ ಕೇಸು ಹಾಕದ ಹಾಗೆ ರಕ್ಷಣೆ ಕೊಡುವ ಒಪ್ಪಂದವನ್ನು 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2025ರ ಜನವರಿಯಲ್ಲಿ 740 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಯಿತು.

ದೊಡ್ಡ ಒಪ್ಪಂದ 2021ರದ್ದು. ಔಷಧಿ ಹಂಚುವ ಮೂರು ಕಂಪನಿಗಳು, ಮೆಕೆಸನ್, ಕಾರ್ಡಿನಲ್ ಹೆಲ್ತ್, ಅಮೆರಿಸೋರ್ಸ್‌ಬರ್ಗನ್, 18 ವರ್ಷಗಳಲ್ಲಿ 2,100 ಕೋಟಿ ಡಾಲರ್ ಕೊಡಬೇಕು. ಜಾನ್ಸನ್ ಅಂಡ್ ಜಾನ್ಸನ್ 500 ಕೋಟಿ. ಆಮೇಲೆ ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್ ಕೂಡ ಒಪ್ಪಿಕೊಂಡವು.

ಹಂಚುವವರ ತಪ್ಪೇನು ಅಂತ ಕೇಳಬಹುದು. ವೆಸ್ಟ್ ವರ್ಜೀನಿಯಾದಲ್ಲಿ ಕರ್ಮಿಟ್ ಅಂತ ಒಂದು ಊರಿದೆ. ಸುಮಾರು 400 ಜನ ಇರುವ ಊರು. ಅಲ್ಲಿನ ಒಂದೇ ಒಂದು ಫಾರ್ಮಸಿಗೆ 2 ವರ್ಷದಲ್ಲಿ ಸುಮಾರು 90 ಲಕ್ಷ ಹೈಡ್ರೊಕೋಡೋನ್ (ಇದೂ ಒಂದು ಒಪಿಯಾಯ್ಡ್) ಮಾತ್ರೆ ಕಳಿಸಿದ್ದರು. ಒಬ್ಬೊಬ್ಬರ ಪಾಲಿಗೆ 20 ಸಾವಿರಕ್ಕೂ ಜಾಸ್ತಿ. ಮಾತ್ರೆ ಎಣಿಸುವ ಕೆಲಸ ಮಾಡುವವಳಾಗಿ ಹೇಳ್ತೀನಿ, ಆ ಸಂಖ್ಯೆ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ನಾನು ನಂಬಲ್ಲ.

ಕ್ಲೀವ್‌ಲ್ಯಾಂಡ್ ನರ್ಸ್ · ಮಂಗಳವಾರ

ಎಮರ್ಜೆನ್ಸಿಯಲ್ಲಿ ರಾತ್ರಿ ಪಾಳಿ ಮಾಡ್ತೀನಿ. ನನ್ನ ಮಾತು ಒಂದೇ. ಓವರ್‌ಡೋಸ್ ಆದವರು ನಮ್ಮ ಕೈಗೆ ಸಿಗುವುದು ಮೂರ್ನಾಲ್ಕು ಗಂಟೆ. ಆ ಮೂರ್ನಾಲ್ಕು ಗಂಟೆಯನ್ನು ಹಾಳು ಮಾಡಬೇಡಿ ಅಂತ ಹೇಳಿ.

ಏನಾಗುತ್ತೆ ಅಂದರೆ, ಆಂಬುಲೆನ್ಸ್‌ನವರು ನಾರ್ಕ್ಯಾನ್ (ನಲೋಕ್ಸೋನ್ ಔಷಧಿಯ ಇನ್ನೊಂದು ಹೆಸರು) ಕೊಟ್ಟು ಉಸಿರು ತರಿಸಿ ಕರ್ಕೊಂಡು ಬರ್ತಾರೆ. ಎದ್ದ ಮನುಷ್ಯನಿಗೆ ಮೈಯೆಲ್ಲ ನೋವು, ವಾಂತಿ, ನಡುಕ, ಅದಕ್ಕಿಂತ ಜಾಸ್ತಿ ನಾಚಿಕೆ. ತುಂಬ ಕಡೆ ಒಂದು ಕಾಗದದ ಮೇಲೆ ಫೋನ್ ನಂಬರ್ ಬರೆದು ಕೊಟ್ಟು ಮನೆಗೆ ಕಳಿಸುತ್ತಾರೆ. ಆ ಕಾಗದಗಳನ್ನು ನಾನು ಬೆಳಿಗ್ಗೆ ಮನೆಗೆ ಹೋಗುವಾಗ ಪಾರ್ಕಿಂಗ್‌ನಲ್ಲಿ ಬಿದ್ದಿರುವುದನ್ನು ನೋಡಿದ್ದೇನೆ.

ಅಲ್ಲೇ, ಆ ಹಾಸಿಗೆಯಲ್ಲೇ ಬ್ಯುಪ್ರಿನಾರ್ಫಿನ್, ಅಂದರೆ ಚಟದ ಸೆಳೆತ ತಗ್ಗಿಸುವ ಔಷಧಿ, ಶುರು ಮಾಡಿದರೆ ಕತೆ ಬೇರೆ. ಯೇಲ್‌ನವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಎಮರ್ಜೆನ್ಸಿಯಲ್ಲೇ ಔಷಧಿ ಶುರು ಮಾಡಿದವರಲ್ಲಿ 78% ಜನ ಒಂದು ತಿಂಗಳ ನಂತರವೂ ಚಿಕಿತ್ಸೆಯಲ್ಲಿ ಇದ್ದರು. ಬರೀ ವಿಳಾಸ ಕೊಟ್ಟು ಕಳಿಸಿದವರಲ್ಲಿ 37%. ಮೊದಲೆಲ್ಲ ಇದನ್ನು ಬರೆಯಲು ಡಾಕ್ಟರ್‌ಗಳಿಗೆ ವಿಶೇಷ ಅನುಮತಿ ಬೇಕಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಅದನ್ನು ತೆಗೆದುಹಾಕಿತು. ಈಗ ನೆಪ ಇಲ್ಲ.

ಜೊತೆಗೆ ಒಬ್ಬ ಪೀರ್ ಸಪೋರ್ಟ್ ಬೇಕು. ತಾನೇ ಆ ದಾರಿಯಲ್ಲಿ ನಡೆದು ಹೊರಗೆ ಬಂದವರು. ನಾನು ಯೂನಿಫಾರ್ಮ್ ಹಾಕಿಕೊಂಡು ಹತ್ತು ಮಾತು ಹೇಳಿದರೂ ಕೇಳದವರು, ಅವರು ಪಕ್ಕದಲ್ಲಿ ಕುರ್ಚಿ ಎಳಕೊಂಡು ಕೂತರೆ ಕೇಳುತ್ತಾರೆ. ರಾತ್ರಿ 2 ಗಂಟೆಗೆ ಆ ಕುರ್ಚಿಯಲ್ಲಿ ಯಾರಾದರೂ ಇರಬೇಕು ಅಂದರೆ ಸಂಬಳ ಕೊಡಬೇಕು. ಇದಕ್ಕೇ ಅಲ್ವಾ ಈ ದುಡ್ಡು ಬಂದಿರುವುದು?

ಕೌಂಟಿ ಲೆಕ್ಕದವನು · ಮಂಗಳವಾರ

ನಾನೂ ನಾರ್ತ್ ಕ್ಯಾರೊಲೈನಾದವನೇ, ಬೇರೆ ಕೌಂಟಿ. ಹಣಕಾಸು ವಿಭಾಗದಲ್ಲಿ ಇದ್ದೇನೆ. ಭಾವನೆಯ ಜೊತೆ ನಿಯಮವನ್ನೂ ಹಿಡ್ಕೊಂಡು ಹೋಗಿ. ಕಮಿಷನರ್‌ಗಳಿಗೆ ನಿಯಮ ಅಂದರೆ ಬೇಗ ತಟ್ಟುತ್ತೆ.

ನಮ್ಮ ರಾಜ್ಯದ ಎಲ್ಲ 100 ಕೌಂಟಿಗಳೂ ಒಂದು ಒಡಂಬಡಿಕೆಗೆ ಸಹಿ ಹಾಕಿವೆ. ಅದರ ಪ್ರಕಾರ ಈ ದುಡ್ಡನ್ನು ಪ್ರತ್ಯೇಕ ನಿಧಿಯಲ್ಲಿ ಇಡಬೇಕು, ಸಾಮಾನ್ಯ ಖಾತೆಗೆ ಸೇರಿಸುವ ಹಾಗಿಲ್ಲ. ಖರ್ಚು ಮಾಡುವ ಮೊದಲು ಬೋರ್ಡ್ ನಿರ್ಣಯ ಮಾಡಬೇಕು. ಯಾವ ಕೆಲಸಕ್ಕೆ, ಎಷ್ಟು, ಯಾವ ಅವಧಿಗೆ ಅಂತ ಅದರಲ್ಲಿ ಬರೆದಿರಬೇಕು. ವರ್ಷಕ್ಕೊಮ್ಮೆ ಸಾರ್ವಜನಿಕ ಸಭೆ ಕರೆಯಬೇಕು, ರಾಜ್ಯಕ್ಕೆ ಲೆಕ್ಕ ಒಪ್ಪಿಸಬೇಕು.

ಖರ್ಚಿಗೆ ಎರಡು ದಾರಿ. ಮೊದಲನೇ ದಾರಿಯಲ್ಲಿ 12 ಕೆಲಸಗಳ ಪಟ್ಟಿ ಇದೆ. ಚಿಕಿತ್ಸೆ, ನಲೋಕ್ಸೋನ್ ಹಂಚಿಕೆ, ರಿಕವರಿ ಮನೆ (ಚೇತರಿಸಿಕೊಳ್ಳುವವರು ಉಳಿಯುವ ಮನೆ), ಕೆಲಸ ಕೊಡಿಸುವುದು, ಸಿರಿಂಜ್ ಕೇಂದ್ರ (ಶುದ್ಧ ಸೂಜಿ ಕೊಡುವ ಜಾಗ), ಜೈಲಿನಲ್ಲಿ ಚಿಕಿತ್ಸೆ, ಜೈಲಿನಿಂದ ಬಂದವರಿಗೆ ನೆರವು ಹೀಗೆ. ಎರಡನೇ ದಾರಿಯಲ್ಲಿ ಇನ್ನೂ ದೊಡ್ಡ ಪಟ್ಟಿ ಇದೆ, ಆದರೆ ಅದಕ್ಕೆ ಮೊದಲು ಊರಿನ ಎಲ್ಲರನ್ನೂ ಕೂರಿಸಿಕೊಂಡು ಯೋಜನೆ ಮಾಡಬೇಕು. ನಿಮ್ಮ ಮೊದಲ ಪ್ರಶ್ನೆ ಇದೇ ಆಗಿರಲಿ: "ಈ ಗಾಡಿಗಳು 12ರಲ್ಲಿ ಯಾವ ನಂಬರ್?" ಉತ್ತರ ಬರುವವರೆಗೂ ಸುಮ್ನೆ ನಿಂತುಕೊಳ್ಳಿ.

ಇನ್ನೊಂದು ಮಾತು, ನಿಮಗೆ ಇಷ್ಟ ಆಗದೇ ಇರಬಹುದು. ಎಲ್ಲ ಕೌಂಟಿಯವರೂ ಕೆಟ್ಟವರಲ್ಲ. ನಮ್ಮಲ್ಲಿ ಆಂಬುಲೆನ್ಸ್ ಸಿಬ್ಬಂದಿ ಕೆಲಸ ಬಿಟ್ಟು ಹೋಗುತ್ತಿದ್ದಾರೆ, ಆಸ್ತಿ ತೆರಿಗೆ ಏರಿಸಿದರೆ ಜನ ಮನೆ ಬಾಗಿಲಿಗೆ ಬರುತ್ತಾರೆ. ಅಂಥ ಹೊತ್ತಲ್ಲಿ ಒಂದು ಖಾತೆಯಲ್ಲಿ ದುಡ್ಡು ಕೂತಿರುವುದು ಕಂಡರೆ ಕೈ ಹೋಗುತ್ತೆ.

ಕ್ಲೀವ್‌ಲ್ಯಾಂಡ್ ನರ್ಸ್ · ಬುಧವಾರ

ಕೈ ಹೋಗಬಾರದು ಅನ್ನೋದೇ ನಮ್ಮ ಮಾತು. ಆಂಬುಲೆನ್ಸ್‌ಗೆ ಇಲ್ಲಿವರೆಗೆ ತೆರಿಗೆ ದುಡ್ಡು ಕೊಡ್ತಿದ್ರಿ. ಈಗ ಅದನ್ನು ವಾಪಸ್ ತಗೊಂಡು ಈ ದುಡ್ಡು ಹಾಕಿದರೆ ರೋಗಿಗೆ ಹೊಸದಾಗಿ ಏನು ಸಿಕ್ಕಿತು? ಒಂದು ಪೈಸೆದೂ ಇಲ್ಲ. ಅದೇ ಆಂಬುಲೆನ್ಸ್, ಅದೇ ಜನ.

ನಮ್ಮ ಓಹಾಯೋದಲ್ಲಿ ಹಂಚಿಕೆಯೇ ಬೇರೆ. 55% ಒಂದು ಪ್ರತ್ಯೇಕ ಪ್ರತಿಷ್ಠಾನಕ್ಕೆ ಹೋಗುತ್ತೆ, ಒನ್‌ಓಹಾಯೋ ಅಂತ. ಊರು, ಕೌಂಟಿಗಳಿಗೆ 30%, ರಾಜ್ಯಕ್ಕೆ 15%. ಆ ಪ್ರತಿಷ್ಠಾನದ ಕಾಗದಪತ್ರ ಜನ ನೋಡಬಹುದಾ ಇಲ್ವಾ ಅನ್ನುವುದಕ್ಕೇ ಓಹಾಯೋ ಸುಪ್ರೀಂ ಕೋರ್ಟ್‌ಗೆ ಹೋಗಬೇಕಾಯಿತು. ನಿಮ್ಮಲ್ಲಿ ಎದುರಿಗೆ ಕೂತಿರುವ ಕಮಿಷನರ್‌ಗೆ ಮುಖ ಕೊಟ್ಟು ಕೇಳಬಹುದು. ಅದು ದೊಡ್ಡ ಅವಕಾಶ, ಬಿಡಬೇಡಿ.

ಹೊಸಬ 77 · ಬುಧವಾರ

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಚಟ ಬಿಡಿಸಲು ಕೊಡುವ ಬ್ಯುಪ್ರಿನಾರ್ಫಿನ್, ಮೆಥಡೋನ್ ಇವೂ ಒಪಿಯಾಯ್ಡ್‌ಗಳೇ ತಾನೆ? ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ ಹಾಗೆ ಆಗಲ್ವಾ? ಗಟ್ಟಿ ಮನಸ್ಸು ಮಾಡಿ ಬಿಡುವಂಥ ಕೇಂದ್ರಗಳಿಗೆ ಕೊಡಬಹುದಲ್ಲ.

ಹೆಸರು ಬೇಡ · ಬುಧವಾರ ರಾತ್ರಿ

ಈ ವೇದಿಕೆಯಲ್ಲಿ ಎಷ್ಟೋ ವರ್ಷದಿಂದ ಇದ್ದೇನೆ. ಇವತ್ತು ಬೇರೆ ಖಾತೆಯಿಂದ ಬರೀತಿದ್ದೇನೆ.

ಮೇಲೆ ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳಬೇಕು. ನನ್ನ ಮಗ ಹೈಸ್ಕೂಲಿನಲ್ಲಿ ಕುಸ್ತಿ ಆಡುತ್ತಿದ್ದ. ಭುಜದ ಆಪರೇಷನ್ ಆಯಿತು. ಮಾತ್ರೆ ಕೊಟ್ಟರು. ಆ ಮಾತ್ರೆಯಿಂದ ಶುರುವಾಗಿ, ಎಲ್ಲೆಲ್ಲಿಗೋ ಹೋಗಿ, ಫೆಂಟನಿಲ್ ಅನ್ನುವ ತುಂಬ ಪ್ರಬಲ ಒಪಿಯಾಯ್ಡ್‌ಗೆ ಬಂದು ನಿಂತಿತು. ನಮಗೆ ಗೊತ್ತಾಗುವ ಹೊತ್ತಿಗೆ 22 ವರ್ಷ. ದುಬಾರಿ ಕೇಂದ್ರಕ್ಕೆ ಸೇರಿಸಿದೆವು, 28 ದಿನ. ಅವರು ಹೇಳಿದ್ದು ಇದೇ ಮಾತು, ಔಷಧಿ ಅಂದರೆ ಊರುಗೋಲು, ಗಟ್ಟಿ ಮನಸ್ಸು ಮಾಡಬೇಕು. ಅವನು ತಗೊಳ್ಳುತ್ತಿದ್ದ ಬ್ಯುಪ್ರಿನಾರ್ಫಿನ್ ನಿಲ್ಲಿಸಿದರು. ನಾನೂ ತಲೆ ಆಡಿಸಿದೆ. ನನ್ನ ಮಗ ಮಾತ್ರೆ ಇಲ್ಲದೆ ಇರಬೇಕು ಅನ್ನುವ ಆಸೆ ನನಗೂ ಇತ್ತು.

ಮನೆಗೆ ಬಂದ. ಅವರಮ್ಮ ಬಿಸಿಬೇಳೆಬಾತ್ ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡ. ಮೈ ತುಂಬಿಕೊಂಡಿದ್ದ, ನಗುತ್ತಿದ್ದ. 11ನೇ ದಿನ ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ, ಕಾರಿನಲ್ಲಿ ಸಿಕ್ಕಿದ. ಕಾರು ಇನ್ನೂ ಆನ್ ಇತ್ತು ಅಂದರು.

ಆಮೇಲೆ ತಿಳಿದದ್ದು: 28 ದಿನ ಬಿಟ್ಟಿದ್ದರಿಂದ ಮೈಗೆ ತಡೆಯುವ ಶಕ್ತಿ ಹೋಗಿರುತ್ತೆ. ಮೊದಲಿನಷ್ಟೇ ತಗೊಂಡರೂ ಪ್ರಾಣ ಹೋಗಬಹುದು. ಅದನ್ನು ಯಾರೂ ನಮಗೆ ಹೇಳಲಿಲ್ಲ. ಮನೆಯಲ್ಲಿ ನಾರ್ಕ್ಯಾನ್ ಇರಬೇಕು ಅಂತಲೂ ಹೇಳಲಿಲ್ಲ. ಆ 11 ದಿನದಲ್ಲಿ ಒಂದು ಫೋನ್ ಕೂಡ ಬರಲಿಲ್ಲ.

ಕನ್ನಡ ಕೂಟದವರಿಗೆ ಹಾರ್ಟ್ ಅಟ್ಯಾಕ್ ಅಂದೆವು. ಊರಿನಲ್ಲಿ ನಮ್ಮಮ್ಮನಿಗೂ ಅದನ್ನೇ ಹೇಳಿದೆವು.

ಮಾತ್ರೆ ಎಣಿಸುವವಳು ಅವರೇ, 3 ನಿಮಿಷದಲ್ಲಿ ಒಂದು ನಿಮಿಷ ಇದಕ್ಕೆ ಇಡಿ. ಕೇಂದ್ರದಿಂದ ಆಗಲಿ, ಜೈಲಿನಿಂದ ಆಗಲಿ, ಹೊರಗೆ ಬಂದವರಿಗೆ ಮೊದಲ ತಿಂಗಳು ದಿನಾ ಒಂದು ಫೋನ್ ಹೋಗಬೇಕು. ಕೈಯಲ್ಲಿ ಔಷಧಿ ಇರಬೇಕು. ಮನೆಯವರ ಕೈಯಲ್ಲಿ ನಾರ್ಕ್ಯಾನ್ ಇರಬೇಕು. ಗಾಡಿಗಿಂತ ಕಡಿಮೆ ಖರ್ಚು.

ಹೊಸಬ 77 · ಬುಧವಾರ ರಾತ್ರಿ

ಸರ್, ಕ್ಷಮಿಸಿ. ತಿಳಿಯದೆ ಬರೆದೆ. ಅಳಿಸಲ್ಲ, ನಿಮ್ಮ ಉತ್ತರ ಅದರ ಕೆಳಗೇ ಇರಲಿ, ಓದುವವರಿಗೆ ಬೇಕು.

ಬೆಟ್ಟದೂರಿನ ಡಾಕ್ಟರ್ · ಗುರುವಾರ

ಹೆಸರು ಬೇಡ ಅವರಿಗೆ ನನ್ನ ನಮಸ್ಕಾರ. ರಾತ್ರಿ ಓದಿ ನಿದ್ದೆ ಬರಲಿಲ್ಲ.

ಮೈಸೂರಿನಲ್ಲಿ ಓದಿ, ವೆಸ್ಟ್ ವರ್ಜೀನಿಯಾದ ಗಣಿ ಊರುಗಳಲ್ಲಿ ಡಾಕ್ಟರ್ ಆಗಿ ವಯಸ್ಸು ಕಳೆದವನು ನಾನು. ಮೆಥಡೋನ್, ಬ್ಯುಪ್ರಿನಾರ್ಫಿನ್ ತಗೊಳ್ಳುವವರಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ. ಇದರಲ್ಲಿ ಡಾಕ್ಟರ್‌ಗಳಿಗೆ ಅನುಮಾನ ಇಲ್ಲ. ನನ್ನ ಒಬ್ಬ ರೋಗಿ ಬೆಳಿಗ್ಗೆ ನಾಲಿಗೆ ಕೆಳಗೆ ಬ್ಯುಪ್ರಿನಾರ್ಫಿನ್ ಪಟ್ಟಿ ಇಟ್ಟುಕೊಂಡು, ಮಗಳನ್ನು ಶಾಲೆ ಬಸ್ಸಿಗೆ ಹತ್ತಿಸಿ, ಗ್ಯಾರೇಜ್‌ಗೆ ಕೆಲಸಕ್ಕೆ ಹೋಗುತ್ತಾನೆ. 7 ವರ್ಷ ಆಯಿತು. ಇದಕ್ಕೆ ಚಟ ಅನ್ನಬೇಡಿ.

ಜೈಲಿನ ವಿಷಯ ಹೇಳಲೇಬೇಕು, ಯಾಕೆಂದರೆ ನಿಮ್ಮ ಕೌಂಟಿಯವರು ಹೇಗೂ ಜೈಲಿಗೆ ದುಡ್ಡು ಕೊಡಬೇಕು ಅಂತಿದ್ದಾರೆ. ಕೊಡಲಿ, ಆದರೆ ಸ್ಕ್ಯಾನರ್‌ಗೆ ಬೇಡ. ನಿಮ್ಮ ನಾರ್ತ್ ಕ್ಯಾರೊಲೈನಾದ್ದೇ ಅಧ್ಯಯನ ಇದೆ. ಸೆರೆಯಿಂದ ಬಿಡುಗಡೆಯಾದವರು ಮೊದಲ 2 ವಾರದಲ್ಲಿ ಒಪಿಯಾಯ್ಡ್ ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆ ಸಾಮಾನ್ಯ ಜನರಿಗಿಂತ 40 ಪಟ್ಟು. ರೋಡ್ ಐಲೆಂಡ್ 2016ರಲ್ಲಿ ತನ್ನ ಜೈಲುಗಳಲ್ಲಿ ಈ ಔಷಧಿಗಳನ್ನು ಕೊಡಲು ಶುರು ಮಾಡಿತು. ಬಿಡುಗಡೆಯಾದವರ ಓವರ್‌ಡೋಸ್ ಸಾವು ಒಂದೇ ವರ್ಷದಲ್ಲಿ 61% ಇಳಿಯಿತು.

ಹಾಗಾದರೆ ಎಲ್ಲ ಜೈಲುಗಳೂ ಯಾಕೆ ಮಾಡಲ್ಲ? ಮೆಡಿಕೇಡ್, ಅಂದರೆ ಬಡವರ ಸರ್ಕಾರಿ ಆರೋಗ್ಯ ವಿಮೆ, ಇದ್ದವರನ್ನು ಜೈಲಿಗೆ ಹಾಕಿದರೆ ಸಾಮಾನ್ಯವಾಗಿ ಅದು ದುಡ್ಡು ಕೊಡುವುದು ನಿಲ್ಲುತ್ತೆ. ಔಷಧಿಯ ಬಿಲ್ಲು ಕೌಂಟಿಯ ತಲೆ ಮೇಲೆ. ಷರೀಫ್ ಬೇಡ ಅನ್ನುವುದಕ್ಕೆ ಅರ್ಧ ಕಾರಣ ಅದೇ. ಬೇರೆ ದುಡ್ಡು ಹೋಗುವುದು ಕಷ್ಟವಾದ ಜಾಗ ಅದು, ಈ ದುಡ್ಡು ಹೋಗಬಹುದಾದ ಜಾಗ. ಇದನ್ನು ಹೀಗೇ ಹೇಳಿ. ಹೊರಗೆ ಔಷಧಿ ತಗೊಳ್ಳುತ್ತಿದ್ದವರಿಗೆ ಒಳಗೆ ನಿಲ್ಲಿಸುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಆಗಬಹುದು ಅಂತ ನ್ಯಾಯ ಇಲಾಖೆ 2022ರಲ್ಲೇ ಹೇಳಿದೆ. ಕೌಂಟಿ ವಕೀಲರಿಗೆ ಇದು ಗೊತ್ತಿರುತ್ತೆ, ನೀವು ನೆನಪಿಸಿದರೆ ಸಾಕು.

ಓವರ್‌ಡೋಸ್ ಆಗಿ ಉಳಿದವರ ಮನೆಗೆ ಹೋಗುವ ತಂಡವೂ ಮುಖ್ಯ. ನಮ್ಮ ಹಂಟಿಂಗ್ಟನ್‌ನಲ್ಲಿ 2016ರ ಆಗಸ್ಟ್ 15ರಂದು ನಾಲ್ಕಾರು ಗಂಟೆಯಲ್ಲಿ 26 ಓವರ್‌ಡೋಸ್ ಆದವು. ಮುಂದಿನ ವರ್ಷ ಒಂದು ತಂಡ ಕಟ್ಟಿದರು. ಓವರ್‌ಡೋಸ್ ಆದ 3 ದಿನದೊಳಗೆ ಆಂಬುಲೆನ್ಸ್‌ನವರೊಬ್ಬರು, ಚೇತರಿಸಿಕೊಂಡವರೊಬ್ಬರು, ಪೊಲೀಸ್, ಒಮ್ಮೊಮ್ಮೆ ಚರ್ಚಿನವರು, ಸೇರಿ ಮನೆ ಬಾಗಿಲು ತಟ್ಟುತ್ತಾರೆ. ಮೊದಲ ಸಲ ಬಾಗಿಲು ತೆರೆಯಲ್ಲ. ಮೂರನೇ ಸಲಕ್ಕೆ ತೆರೆಯುತ್ತಾರೆ.

ರಿಕವರಿ ಮನೆಗಳಿಗೆ ದುಡ್ಡು ಕೊಡುವಾಗ ಒಂದು ಷರತ್ತು ಹಾಕಿಸಿ. ಮೆಥಡೋನ್ ತಗೊಳ್ಳುವವರನ್ನು ಸೇರಿಸಲ್ಲ ಅನ್ನುವ ಮನೆಗಳು ಇನ್ನೂ ಇವೆ. ಸೇರಿಸಲ್ಲ ಅಂದರೆ ದುಡ್ಡೂ ಇಲ್ಲ.

ಮಾತ್ರೆ ಎಣಿಸುವವಳು · ಗುರುವಾರ

ಹೆಸರು ಬೇಡ ಸರ್, ನಿಮ್ಮ ಮಾತು ಓದಿ ಅಂಗಡಿಯ ಹಿಂದಿನ ರೂಮಿಗೆ ಹೋಗಿ ಕೂತುಬಿಟ್ಟೆ. ನಿಮ್ಮ ನಿಮಿಷ ನಿಮ್ಮದೇ. ಅದಕ್ಕೆ ಯಾರೂ ಕೈ ಹಾಕಲ್ಲ.

ಡಾಕ್ಟರ್, ನಿಮಗೆ ಒಂದು ವಿಷಯ ಹೇಳಬೇಕು. ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ಶುಕ್ರವಾರ ಸಂಜೆ ಬ್ಯುಪ್ರಿನಾರ್ಫಿನ್ ಚೀಟಿ ಹಿಡಿದು ಬಂದ. ನಮ್ಮಲ್ಲಿ ಖಾಲಿ. ಸರಬರಾಜುದಾರರು ತಿಂಗಳಿಗೆ ಇಷ್ಟೇ ಅಂತ ಮಿತಿ ಇಟ್ಟಿದ್ದಾರೆ. ಆ ದೊಡ್ಡ ಒಪ್ಪಂದ ಆದ ನಂತರ ನಿಯಂತ್ರಿತ ಔಷಧಿಗಳ ಆರ್ಡರ್ ಮೇಲೆಲ್ಲ ಕಣ್ಣಿಡುತ್ತಾರೆ. ಚಟ ಹಚ್ಚಿದ ಮಾತ್ರೆಗೆ ಇಲ್ಲದ ಮಿತಿ ಚಟ ಬಿಡಿಸುವ ಔಷಧಿಗೆ ಬಂದಿದೆ. ಅವನ ಕೈ ನಡುಗುತ್ತಿತ್ತು. ಮೂರು ಅಂಗಡಿಗೆ ಫೋನ್ ಮಾಡಿ, 40 ಮೈಲಿ ಆಚೆ ಒಂದು ಕಡೆ ಇದೆ ಅಂತ ತಿಳಿಯಿತು. ಅವನ ಹತ್ತಿರ ಗಾಡಿ ಇರಲಿಲ್ಲ. ಬಾಗಿಲು ಹಾಕಿದ ಮೇಲೆ ನಾನೇ ಕರ್ಕೊಂಡು ಹೋದೆ. ಪ್ರತಿ ಶುಕ್ರವಾರ ಎಲ್ಲರಿಗೂ ಇದು ಆಗಲ್ಲ.

ಅದಕ್ಕೇ ಓಡಾಟದ ಖರ್ಚನ್ನೂ ಕೇಳ್ತೀನಿ. ಚಟದ ಚಿಕಿತ್ಸೆಗೆ ಮೆಥಡೋನ್ ಅಂಗಡಿಯಲ್ಲಿ ಸಿಗಲ್ಲ, ಕ್ಲಿನಿಕ್‌ಗೇ ಹೋಗಬೇಕು. 2024ರ ನಿಯಮದಲ್ಲಿ ಒಂದು ತಿಂಗಳಾದ ಮೇಲೆ 28 ದಿನದ ಡೋಸ್ ವರೆಗೆ ಮನೆಗೆ ಕೊಡಬಹುದು. ಆದರೆ ಶುರುವಿನ ದಿನಗಳಲ್ಲಿ ಮತ್ತೆ ಮತ್ತೆ ಹೋಗಲೇಬೇಕು. ಬಸ್ಸಿಲ್ಲದ ಊರಿನಲ್ಲಿ ಒಂದು ವ್ಯಾನ್ ಇಲ್ಲದೆ ಚಿಕಿತ್ಸೆ ಅನ್ನುವುದು ಬರೀ ಮಾತು. ಕೌಂಟಿಯವರಿಗೆ ಗಾಡಿಯೇ ಬೇಕಿದ್ದರೆ ಈ ಗಾಡಿ ಕೊಳ್ಳಲಿ.

ದಾವಣಗೆರೆ ಹುಡುಗ · ಗುರುವಾರ

ಬೇರೆ ಕಡೆ ದುಡ್ಡು ಹಾಳಾಗಿದ್ದು ಇದೆಯಾ? ಒಂದೆರಡು ಉದಾಹರಣೆ ಕೊಟ್ಟರೆ ಕಮಿಷನರ್‌ಗಳು ಎಚ್ಚರ ಆಗ್ತಾರೇನೋ.

ಕೌಂಟಿ ಲೆಕ್ಕದವನು · ಗುರುವಾರ

ಇದೆ. ಟೆನೆಸೀಯ ಗ್ರೀನ್ ಕೌಂಟಿ 24 ಲಕ್ಷ ಡಾಲರ್‌ಗಿಂತ ಜಾಸ್ತಿಯನ್ನು ಕೌಂಟಿಯ ಹಳೇ ಸಾಲ ತೀರಿಸಲು ಹಾಕಿತು. ನ್ಯೂಜೆರ್ಸಿಯ ಇರ್ವಿಂಗ್ಟನ್ ಊರಿನವರು 6 ಲಕ್ಷ ಡಾಲರ್‌ಗಿಂತ ಜಾಸ್ತಿಯನ್ನು ಜಾಗೃತಿ ಹೆಸರಿನ ಸಂಗೀತ ಕಾರ್ಯಕ್ರಮಗಳಿಗೆ ಖರ್ಚು ಮಾಡಿದ್ದಾರೆ ಅಂತ ಆ ರಾಜ್ಯದ ಲೆಕ್ಕ ತಪಾಸಕರೇ 2025ರಲ್ಲಿ ವರದಿ ಕೊಟ್ಟರು.

ಇನ್ನೂ ಹಳೇದು ತಂಬಾಕು ದುಡ್ಡು. 1998ರಲ್ಲಿ ಸಿಗರೇಟ್ ಕಂಪನಿಗಳು 46 ರಾಜ್ಯಗಳಿಗೆ 25 ವರ್ಷದಲ್ಲಿ 20,600 ಕೋಟಿ ಡಾಲರ್ ಕೊಡಲು ಒಪ್ಪಿದವು. ಷರತ್ತು ಹಾಕಿರಲಿಲ್ಲ. ಧೂಮಪಾನ ಬಿಡಿಸಲು ಹೋದದ್ದು ಚೂರುಪಾರು. ಬಜೆಟ್ಟಿನ ತೂತು ಮುಚ್ಚಿದರು. ನಮ್ಮ ರಾಜ್ಯದಲ್ಲಿ ಒಂದು ಪಾಲು ತಂಬಾಕು ಬೆಳೆಯುವವರಿಗೇ ಹೋಯಿತು. ಅದನ್ನು ನೋಡಿಯೇ 2021ರ ಒಪ್ಪಂದದಲ್ಲಿ ಕನಿಷ್ಠ 85% ದುಡ್ಡು ಈ ಪಿಡುಗನ್ನು ತಗ್ಗಿಸಲು ಹೋಗಬೇಕು ಅಂತ ಬರೆಸಿದ್ದು. (ಇದು ಮೇಲೆ ಹೇಳಿದ ನಮ್ಮ ರಾಜ್ಯದ ಹಂಚಿಕೆಯ 85% ಅಲ್ಲ, ಬೇರೆ. ಜನ ಗೊಂದಲ ಮಾಡ್ಕೋತಾರೆ.)

ಆದರೆ ಸಭೆಯಲ್ಲಿ ಬೇರೆಯವರ ಕಳ್ಳತನದ ಕತೆ ಜಾಸ್ತಿ ಹೇಳಬೇಡಿ. ನಮ್ಮನ್ನೂ ಕಳ್ಳರ ಸಾಲಿಗೆ ಸೇರಿಸಿದರು ಅಂತ ಮುಖ ಗಂಟು ಹಾಕಿಕೊಂಡರೆ ಕೆಲಸ ಕೆಡುತ್ತೆ.

ಬೆಟ್ಟದೂರಿನ ಡಾಕ್ಟರ್ · ಗುರುವಾರ ರಾತ್ರಿ

ಸಿರಿಂಜ್ ಕೇಂದ್ರದ ಬಗ್ಗೆ ಯಾರಾದರೂ ಎದ್ದು ಜಗಳ ತೆಗೆಯುತ್ತಾರೆ, ತಯಾರಾಗಿ ಹೋಗಿ. ಇಂಡಿಯಾನಾದ ಸ್ಕಾಟ್ ಕೌಂಟಿಯನ್ನು ನೆನಪಿಟ್ಟುಕೊಳ್ಳಿ. 2015ರಲ್ಲಿ ಆಸ್ಟಿನ್ ಅನ್ನುವ ಪುಟ್ಟ ಊರಿನ ಸುತ್ತ ಒಬ್ಬರ ಸೂಜಿ ಇನ್ನೊಬ್ಬರು ಹಂಚಿಕೊಂಡು 200ಕ್ಕೂ ಜಾಸ್ತಿ ಜನರಿಗೆ ಎಚ್‌ಐವಿ ಬಂತು. ಸೂಜಿ ಕೇಂದ್ರ ತೆರೆದ ಮೇಲೆ ಹತೋಟಿಗೆ ಬಂತು. 2021ರಲ್ಲಿ ಅಲ್ಲಿನ ಕಮಿಷನರ್‌ಗಳು 2-1 ಮತದಿಂದ ಅದನ್ನು ಮುಚ್ಚಲು ತೀರ್ಮಾನಿಸಿದರು. ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಅಂಥ ಕೇಂದ್ರಗಳಲ್ಲಿ ಬರೀ ಸೂಜಿ ಕೊಡಲ್ಲ. ಈಗ ಫೆಂಟನಿಲ್ ಜೊತೆ ಝೈಲಜೀನ್ ಅನ್ನುವ ದನಕರುಗಳ ಅರಿವಳಿಕೆ ಬೆರೆಸುತ್ತಾರೆ. ಅದು ಮೈಮೇಲೆ ಭಯಂಕರ ಹುಣ್ಣು ಮಾಡುತ್ತೆ. ನಾರ್ಕ್ಯಾನ್ ಝೈಲಜೀನ್‌ಗೆ ಕೆಲಸ ಮಾಡಲ್ಲ, ಆದರೂ ಫೆಂಟನಿಲ್ ಇರುವುದರಿಂದ ಕೊಡಲೇಬೇಕು. ಹುಣ್ಣು ತೊಳೆಸಿಕೊಳ್ಳಲು ಬಂದವರು ಒಂದು ದಿನ ಚಿಕಿತ್ಸೆಯ ಬಗ್ಗೆ ಕೇಳುತ್ತಾರೆ.

ಕ್ಲೀವ್‌ಲ್ಯಾಂಡ್ ನರ್ಸ್ · ಶುಕ್ರವಾರ

ಸಾವು ಇಳಿದಿದೆಯಲ್ಲ, ಇನ್ನೇಕೆ ಅಂತಾರೆ, ಅದಕ್ಕೂ ಉತ್ತರ ಇಟ್ಕೊಳ್ಳಿ. 2023ರಲ್ಲಿ ಎಲ್ಲ ಮಾದಕಗಳ ಓವರ್‌ಡೋಸ್ ಸೇರಿ ಸುಮಾರು 1 ಲಕ್ಷ 5 ಸಾವಿರ ಜನ ಸತ್ತರು. 2024ರಲ್ಲಿ ಸುಮಾರು 80 ಸಾವಿರ. ಇಳಿದಿದ್ದು ನಿಜ, ಸಂತೋಷ. ಆದರೆ 80 ಸಾವಿರ ಅಂದರೆ ಒಂದು ಊರು. ಇನ್ನೊಂದು ಕಡೆ 2025ರ ಜುಲೈ ಕಾನೂನಿನಿಂದ ಮೆಡಿಕೇಡ್‌ಗೆ ಕತ್ತರಿ ಬೀಳುತ್ತಿದೆ. ಆ ಗುಂಡಿ ತುಂಬಲು ಈ ದುಡ್ಡು ಕೊಡಿ ಅನ್ನುವ ಒತ್ತಡ ಬಂದೇ ಬರುತ್ತೆ.

ಮಾತ್ರೆ ಎಣಿಸುವವಳು · ಮುಂದಿನ ಮಂಗಳವಾರ

ಹೋಗಿ ಬಂದೆ. ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೀತಿದ್ದೇನೆ.

ಸಭೆಯಲ್ಲಿ ಜನ ಇದ್ದದ್ದು 14. ಅದರಲ್ಲಿ ಅರ್ಧ ಕೌಂಟಿ ಸಿಬ್ಬಂದಿ. ಇಷ್ಟು ದೊಡ್ಡ ದುಡ್ಡಿನ ತೀರ್ಮಾನ ಖಾಲಿ ಕುರ್ಚಿಗಳ ಮುಂದೆ ಆಗುತ್ತೆ ಅನ್ನುವುದು ನೋಡಿದ ಮೇಲೆ ನಂಬಿಕೆ ಬಂತು.

ಲೆಕ್ಕದವರು ಹೇಳಿಕೊಟ್ಟ ಪ್ರಶ್ನೆ ಮೊದಲು ಕೇಳಿದೆ. ಗಾಡಿ 12ರಲ್ಲಿ ಯಾವ ನಂಬರ್? ಅಧ್ಯಕ್ಷರು ಮ್ಯಾನೇಜರ್ ಕಡೆ ನೋಡಿದರು, ಮ್ಯಾನೇಜರ್ ವಕೀಲರ ಕಡೆ ನೋಡಿದರು. ಆಮೇಲೆ ಜೈಲಿನ ವಿಷಯ, 40 ಪಟ್ಟು, ರೋಡ್ ಐಲೆಂಡ್. ಕೊನೆಯ ನಿಮಿಷ ಹೆಸರು ಬೇಡ ಸರ್ ಅವರದ್ದು. "ನನಗೆ ಗೊತ್ತಿರುವ ಒಂದು ಮನೆ" ಅಂತ ಮಾತ್ರ ಹೇಳಿದೆ. 11 ದಿನ, ಒಂದು ಫೋನ್ ಇಲ್ಲ ಅಂದಾಗ ಒಬ್ಬ ಕಮಿಷನರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಂಟೆ ಬಾರಿಸಿತು. ಇನ್ನೂ ಎರಡು ವಾಕ್ಯ ಇತ್ತು, ಅಧ್ಯಕ್ಷರು ಮುಗಿಸಿ ಅಂದರು.

ಗಾಡಿಗಳ ಪ್ರಸ್ತಾಪ ವಾಪಸ್ ತಗೊಂಡರು. ಸ್ಕ್ಯಾನರ್ ಬಿಟ್ಟಿಲ್ಲ, ಮುಂದಿನ ತಿಂಗಳಿಗೆ ಹಾಕಿದ್ದಾರೆ. ಜೈಲಿನಲ್ಲಿ ಔಷಧಿ ಕೊಡಲು ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ತರಲು ಆರೋಗ್ಯ ಇಲಾಖೆಗೆ ಹೇಳಿದರು. ಷರೀಫ್ ಏನೂ ಮಾತಾಡಲಿಲ್ಲ. ಹೊರಗೆ ಬರುವಾಗ ಅವರ ಒಬ್ಬ ಡೆಪ್ಯುಟಿ ಬಂದು, "ನನ್ನ ತಮ್ಮನೂ ಹಾಗೇ ಹೋದ" ಅಂದರು.

ಕೌಂಟಿ ಲೆಕ್ಕದವನು · ಮಂಗಳವಾರ

ತುಂಬ ಒಳ್ಳೆ ಕೆಲಸ. ಈಗಲೇ ಒಂದು ಮಾಡಿ. ಆರೋಗ್ಯ ಇಲಾಖೆಯವರು ಲೆಕ್ಕ ತರುವಾಗ ಬರೀ ಔಷಧಿಯ ಬೆಲೆ ತರುತ್ತಾರೆ. ನರ್ಸ್ ಸಮಯ, ಬಿಡುಗಡೆ ದಿನ ಕೈಗೆ ಕೊಡುವ ಡೋಸ್, ನಾರ್ಕ್ಯಾನ್ ಕಿಟ್, ಫೋನ್ ಮಾಡುವವರ ಸಂಬಳ, ವ್ಯಾನ್, ಎಲ್ಲ ಒಂದೇ ನಿರ್ಣಯದಲ್ಲಿ ಸೇರಲಿ. ಬೇರೆ ಬೇರೆ ಬಂದರೆ ಒಂದಕ್ಕೆ ಹ್ಞೂಂ ಅಂದು ಉಳಿದವನ್ನು ಬಿಡುತ್ತಾರೆ. ಅವಧಿ ಕನಿಷ್ಠ 3 ವರ್ಷ ಅಂತ ಬರೆಸಿ. ಒಂದೇ ವರ್ಷಕ್ಕೆ ಅಂದರೆ ಯಾರೂ ಆ ಕೆಲಸಕ್ಕೆ ಬರಲ್ಲ. ಕರಡು ಕಳಿಸಿ, ನಾನು ನೋಡಿ ಕೊಡ್ತೀನಿ.

ಹೆಸರು ಬೇಡ · ಮಂಗಳವಾರ ರಾತ್ರಿ

ನನ್ನ ಹೆಂಡತಿಗೆ ಓದಿ ಹೇಳಿದೆ. ನಾವು ನಿಮ್ಮಿಂದ ಎರಡು ಗಂಟೆ ದೂರ. ಮುಂದಿನ ಸಭೆ ಯಾವಾಗ? ಬೇರೆ ಕೌಂಟಿಯವರು ಮಾತಾಡಬಹುದಾ?

ಮಾತ್ರೆ ಎಣಿಸುವವಳು · ಮಂಗಳವಾರ ರಾತ್ರಿ

ಮಾತಾಡಬಹುದು ಸರ್, ಕೇಳಿದ್ದೇನೆ. ಮುಂದಿನ ತಿಂಗಳ ಮೊದಲ ಸೋಮವಾರ, ಸಂಜೆ 6ಕ್ಕೆ. 5 ಗಂಟೆಯ ಮೇಲೆ ಮುಂದಿನ ಬಾಗಿಲು ಹಾಕಿರುತ್ತಾರೆ, ಹಿಂದಿನ ಪಾರ್ಕಿಂಗ್ ಕಡೆಯಿಂದ ಬನ್ನಿ. ಊಟ ನಮ್ಮ ಮನೆಯಲ್ಲಿ. ನಿಮ್ಮಿಬ್ಬರ ಹೆಸರು ನಾನೇ ಬರೆಸಿಡಲಾ?